ಮಾರಯ್ಯನ ಅಕ್ಕಿಯೂ ಮೂವತ್ತು ದಿನದ ಗಡುವೂ



ಕಳೆದ ಶ್ರಾವಣದಲ್ಲಿ ಗುರುಗುಂಟಾ ಅಮರೇಶ್ವರನ ದರ್ಶನಕ್ಕೆಂದು ಹೋದಾಗ ಅಲ್ಲಿಯ ಸದ್ಭಕ್ತರೊಬ್ಬರ ಮನೆಯಲ್ಲಿ ಪೂಜೆ, ಪ್ರಸಾದಗಳಿಗೆ ನಿಂತೆವು. ಮಸಾರಿ ಭೂಮಿಯಲ್ಲಿ ತೊಗರಿ, ಸಜ್ಜೆ ಬೆಳೆದು ಬದುಕುವ ಒಕ್ಕಲು ಮನೆತನ ಅದು. ನಮ್ಮಂಥವರನ್ನು ಕಂಡಾಗ ಭಕ್ತರು ಕೇಳುವುದು ಸಾಮಾನ್ಯವಾಗಿ ಮುಹೂರ್ತದ ಮಾತು, ಮಗುವಿಗೆ ಹೆಸರಿಡುವ ಮಾತು, ಇಲ್ಲವೇ ಯಾವುದೋ ವಚನದ ಅರ್ಥ. ಅಂದು ಪ್ರಸಾದ ಮುಗಿಸಿ ಪಡಸಾಲೆಯಲ್ಲಿ ಕುಳಿತಾಗ ಮನೆಯ ಯಜಮಾನರು ಕೇಳಿದ ಪ್ರಶ್ನೆ ಬೇರೆಯೇ ಆಗಿತ್ತು.

“ಅಜ್ಜಾರ, ಮಗಳ ಕಂಪ್ಯೂಟರಿನಾಗ ಮೂವತ್ತು ದಿನ ಮುಗಿದಾವಂತ. ರೊಕ್ಕ ಕಟ್ಟಲೇನ್ರಿ, ಬಿಡಲೇನ್ರಿ?”

ನಾವು ಮೊದಲು ನಕ್ಕುಬಿಟ್ಟೆವು. ಬಳಿಕ ಬಾಗಿಲ ಮರೆಯಲ್ಲಿ ನಿಂತಿದ್ದ ಆ ಮಗುವಿನ ಮುಖ ಕಂಡು ನಗೆ ತಡೆದೆವು. ಲಿಂಗಸುಗೂರಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬಿಸಿಎ ಓದುವ ಹುಡುಗಿ. ಮನೆಯಲ್ಲಿ ಕಾಲೇಜು ಮೆಟ್ಟಿಲೇರಿದವರಲ್ಲಿ ಮೊದಲನೆಯವಳು. ಕಣ್ಣು ಕೆಂಪಾಗಿದ್ದವು.

ವಿಷಯ ಹೀಗಿತ್ತು. ಗಣಕಯಂತ್ರಕ್ಕೆ ಕ್ರಮವಿಧಿ, ಅಂದರೆ ಪ್ರೋಗ್ರಾಂ, ಬರೆಯುವುದನ್ನು ಆಕೆ ಕಲಿಯುತ್ತಿದ್ದಳು. ಪ್ರೋಗ್ರಾಂ ಬರೆಯಲಿಕ್ಕೂ ಒಂದು ಉಪಕರಣ ಬೇಕು. ಕವಿಗೆ ಕಾಗದ, ಲೇಖನಿ ಇದ್ದಂತೆ ಇಲ್ಲಿ ಅಕ್ಷರ ಕೂಡಿಸುವ, ತಪ್ಪು ತೋರಿಸುವ, ಬರೆದದ್ದನ್ನು ನಡೆಯಿಸಿ ನೋಡುವ ತಂತ್ರಾಂಶ. ಪೇಟೆಯಲ್ಲಿ ಇಂಥವು ಹಲವು ಇವೆ. ಕೆಲವು ಬಿಟ್ಟಿ, ಕೆಲವಕ್ಕೆ ವರ್ಷಕ್ಕಿಷ್ಟು ಎಂದು ಹಣ. ಹಣದ ತಂತ್ರಾಂಶಗಳು ಮೊದಲು ಕೆಲವು ದಿನ ಪುಕ್ಕಟೆಯಾಗಿ ಬಳಸಲು ಬಿಡುತ್ತವೆ. ಅದನ್ನೇ ಟ್ರಯಲ್ ಎನ್ನುತ್ತಾರೆ. ನಾವು ಪ್ರಯೋಗಾವಧಿ ಎನ್ನೋಣ. ಅವಧಿ ಮುಗಿದೊಡನೆ ಬಾಗಿಲು ಹಾಕುತ್ತದೆ: ಹಣ ಕಟ್ಟು, ಇಲ್ಲವೇ ಹೋಗು. ಈ ಹುಡುಗಿ ಸಹಪಾಠಿಯೊಬ್ಬಳ ಮಾತು ಕೇಳಿ ಅಂಥದೊಂದನ್ನು ಇಳಿಸಿಕೊಂಡಿದ್ದಳು. ವರ್ಷದ ಶುಲ್ಕ ಒಂದು ಚೀಲ ತೊಗರಿಯ ಬೆಲೆಯನ್ನು ಮೀರಿತ್ತು.

ಹಣದ ಮಾತು ಇಷ್ಟೇ ಆಗಿದ್ದರೆ ನಾವು ಈ ಅಂಕಣದಲ್ಲಿ ಇದನ್ನು ಎತ್ತುತ್ತಿರಲಿಲ್ಲ. ಆಕೆಯ ಚಿಕ್ಕಪ್ಪ ಅಲ್ಲಿಯೇ ಕುಳಿತಿದ್ದರು. ಅವರೆಂದರು: “ಒಂದು ತಿಂಗಳ ಕೊಟ್ಟಾರ. ತಿಂಗಳದಾಗ ಛಲೋ ಐತೋ ಇಲ್ಲೋ ಅನ್ನೂದು ತಿಳೀಲಿಲ್ಲ ಅಂದ್ರ ಈಕಿಗೆ ಈ ವಿದ್ಯಾ ಒಗ್ಗೂದಿಲ್ರಿ ಅಜ್ಜಾರ. ಸುಮ್ನ ಬಿಡಿಸಿಬಿಡೂದು ಛಲೋ.” ಹುಡುಗಿಯೂ ಹಾಗೆಯೇ ನಂಬಿದ್ದಳು. ಪರೀಕ್ಷೆಗೆ ಒಳಗಾಗಬೇಕಾದದ್ದು ತಂತ್ರಾಂಶ. ಅನುತ್ತೀರ್ಣಳಾದವಳು ತಾನು ಎಂದು ಆ ಮಗು ಅಳುತ್ತಿತ್ತು.

ಆಗ ನಾವು ಆಕೆಯನ್ನು ಹತ್ತಿರ ಕರೆದು, “ತಂಗಿ, ಆ ಮೂವತ್ತು ದಿನಗಳ ಲೆಕ್ಕ ಕೊಡು” ಎಂದೆವು. ವಹಿ ತಂದಳು. ಮೊದಲ ನಾಲ್ಕು ದಿನ ತಂತ್ರಾಂಶವನ್ನು ಇಳಿಸಿಕೊಳ್ಳುವುದರಲ್ಲಿಯೇ ಕಳೆದವು. ಅಣ್ಣನ ಮೊಬೈಲಿನಿಂದ ಅಂತರ್ಜಾಲ ಪಡೆಯಬೇಕು, ಆತ ಹೊಲಕ್ಕೆ ಹೋದರೆ ಮೊಬೈಲೂ ಹೊಲಕ್ಕೆ. ಇಳಿದ ಮೇಲೆ ಅದು ತೆರೆಯದೆ ಇನ್ನೆರಡು ದಿನ. ಅನಂತರ ಕಾಲೇಜಿನಲ್ಲಿ ಕಿರುಪರೀಕ್ಷೆ, ಒಂದು ವಾರ. ನಡುವೆ ಅಕ್ಕನ ಕುಬಸದ ಕಾರ್ಯ. ಮಳೆಗಾಳಿಗೆ ಕರೆಂಟು ಹೋದ ಸಂಜೆಗಳು ಬೇರೆ. ಕೂಡಿಸಿ, ಕಳೆದು ನೋಡಿದಾಗ ಆಕೆ ಅದನ್ನು ನಿಜವಾಗಿ ತೆರೆದು ಕುಳಿತದ್ದು 9 ದಿನ. ಅದೂ ದಿನಕ್ಕೆ ಒಂದು ಗಂಟೆ, ಹೆಚ್ಚೆಂದರೆ ಎರಡು. ಚಿಕ್ಕಪ್ಪನವರು ಸುಮ್ಮನಾದರು.

ಪಂಚಾಂಗದ ದಿನ ಬೇರೆ, ಬಳಕೆಯ ದಿನ ಬೇರೆ. ಈ ಭೇದವನ್ನು ಬಲ್ಲ ತಂತ್ರಾಂಶ ತಯಾರಕರೂ ಇದ್ದಾರೆ ಎಂಬುದನ್ನು ಹೇಳಲೇಬೇಕು. ಎರಡು ಕಡತಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ ತೋರುವ ಬಿಯಾಂಡ್ ಕಂಪೇರ್ ಎಂಬ ತಂತ್ರಾಂಶವಿದೆ. ಅದರ ಪ್ರಯೋಗಾವಧಿಯೂ 30 ದಿನವೇ. ಆದರೆ ಅದು ತೆರೆದ ದಿನಗಳನ್ನು ಮಾತ್ರ ಎಣಿಸುತ್ತದೆ. ದಿನ ಬಿಟ್ಟು ದಿನ ಬಳಸಿದರೆ ಎರಡು ತಿಂಗಳು ಬರುತ್ತದೆ. ಇಷ್ಟು ಸರಳವಾದ ನ್ಯಾಯವನ್ನು ಎಲ್ಲರೂ ಏಕೆ ಪಾಲಿಸುವುದಿಲ್ಲವೋ ನಮಗೆ ತಿಳಿಯದು. ಗುರುಗುಂಟಾದ ಹುಡುಗಿಯ ತಿಂಗಳೂ ಬೆಂಗಳೂರಿನಲ್ಲಿ ದಿನಕ್ಕೆ ಹತ್ತು ಗಂಟೆ ಯಂತ್ರದ ಮುಂದೆ ಕುಳಿತುಕೊಳ್ಳುವವನ ತಿಂಗಳೂ ಒಂದೇ ಅಲ್ಲವೆಂಬುದು ಗಡುವು ಬರೆದವರ ಮನಸ್ಸಿಗೆ ಬಂದಿರಲಿಕ್ಕಿಲ್ಲ.

ಹಾಗಾದರೆ ದಿನಗಳನ್ನು ಸರಿಯಾಗಿ ಎಣಿಸಿಬಿಟ್ಟರೆ, ಇಲ್ಲವೇ ಮೂವತ್ತನ್ನು ತೊಂಬತ್ತು ಮಾಡಿದರೆ ತೊಡಕು ಹರಿಯಿತೇ? ನಮಗೆ ಹಾಗೆ ತೋರುವುದಿಲ್ಲ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು.

ನಮ್ಮ ಸೀಮೆಯ ಎತ್ತಿನ ಸಂತೆಯನ್ನು ಕಂಡವರಿಗೆ ಗೊತ್ತು. ಕೊಳ್ಳುವವನು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸುತ್ತಾನೆ, ಸಾಧ್ಯವಿದ್ದರೆ ನೊಗಕ್ಕೆ ಹೂಡಿ ನೋಡುತ್ತಾನೆ. ಒಂದು ಹೊತ್ತಿನಲ್ಲಿ ತೀರ್ಮಾನ. ಏಕೆಂದರೆ ಅವನು ಅದಾಗಲೇ ಇಪ್ಪತ್ತು ವರ್ಷ ಗಳೆ ಹೊಡೆದವನು. ಎತ್ತು ಹೇಗಿರಬೇಕೆಂಬುದು ಅವನ ಅಂಗೈಯಲ್ಲಿದೆ. ಅದೇ ಎತ್ತನ್ನು ಎಂದೂ ಹೊಲ ಮೆಟ್ಟದ ಪೇಟೆಯ ಹುಡುಗನ ಕೈಗೆ ಮೂರು ತಿಂಗಳು ಕೊಟ್ಟರೂ ಅವನಿಗೆ ಏನು ತಿಳಿದೀತು? ಎತ್ತು ಬಗ್ಗದಿದ್ದರೆ ಅದು ಎತ್ತಿನ ತಪ್ಪೋ ತಾನು ಹಗ್ಗ ಹಿಡಿದ ತಪ್ಪೋ ಎಂಬುದೇ ಅವನಿಗೆ ಅರ್ಥವಾಗದು. ಪ್ರಯೋಗಾವಧಿಯೆಂಬುದು ಬಲ್ಲವನಿಗಾಗಿ ಮಾಡಿದ ಏರ್ಪಾಡು. ಹಳೆಯ ಉಪಕರಣವನ್ನು ಬಿಟ್ಟು ಹೊಸದಕ್ಕೆ ಹೋಗಬೇಕೋ ಬೇಡವೋ ಎಂದು ತೂಗುವವನಿಗೆ ಒಂದು ವಾರವೂ ಸಾಕು. ತಕ್ಕಡಿಯೇ ಇಲ್ಲದವನಿಗೆ ವರ್ಷವೂ ಸಾಲದು.

ಗುರುಗುಂಟಾಕ್ಕೆ ಸಮೀಪದಲ್ಲಿಯೇ ಹಟ್ಟಿಯ ಚಿನ್ನದ ಗಣಿಯಿದೆ. ಅಲ್ಲಿ ಒಂದು ಟನ್ ಅದಿರನ್ನು ಅರೆದು ಸೋಸಿದರೆ ಸಿಕ್ಕುವುದು ಕೆಲವೇ ಗ್ರಾಂ ಚಿನ್ನ. ಆ ಕಲ್ಲನ್ನು ನಮ್ಮ ಕೈಗೆ ಕೊಟ್ಟರೆ ನಮಗದು ಬರಿಯ ಕಲ್ಲು. ಎಷ್ಟು ದಿನ ದಿಟ್ಟಿಸಿದರೂ ಕಲ್ಲೇ. ಪರೀಕ್ಷಕನು ನೋಡಿದರೆ ಬೇರೆ ಮಾತು.

ಪ್ರೋಗ್ರಾಮಿನ ಉಪಕರಣಗಳ ವಿಷಯವೂ ಹೀಗೆಯೇ. ಬೆಲೆಯುಳ್ಳ ತಂತ್ರಾಂಶಗಳ ಹೆಚ್ಚುಗಾರಿಕೆ ಇರುವುದು ಎಲ್ಲಿ? ಸಾವಿರಾರು ಸಾಲುಗಳ ಪ್ರೋಗ್ರಾಮಿನಲ್ಲಿ ಒಂದು ಹೆಸರನ್ನು ಬದಲಿಸಿದಾಗ ಅದು ಬರುವ ನೂರಾರು ಕಡೆಗಳಲ್ಲಿ ತಪ್ಪದೆ ಬದಲಿಸಿಕೊಡುವುದರಲ್ಲಿ. ನಡೆಯುತ್ತಿರುವ ಪ್ರೋಗ್ರಾಮನ್ನು ಹೆಜ್ಜೆ ಹೆಜ್ಜೆಗೂ ನಿಲ್ಲಿಸಿ ಒಳಗಿನ ಬೆಲೆಗಳನ್ನು ತೋರುವುದರಲ್ಲಿ. ಹತ್ತು ಜನ ಕೂಡಿ ಬರೆದ ಕೆಲಸವನ್ನು ಹೊಂದಿಸುವುದರಲ್ಲಿ. ದೊಡ್ಡ ದತ್ತಸಂಚಯಗಳೊಡನೆ ನೇರವಾಗಿ ಮಾತನಾಡುವುದರಲ್ಲಿ. ಎರಡನೆಯ ವರ್ಷದ ವಿದ್ಯಾರ್ಥಿನಿ ಬರೆಯುವುದು ಐವತ್ತು ಸಾಲಿನ ಪ್ರೋಗ್ರಾಂ. ಅಲ್ಲಿ ಈ ಗುಣಗಳಲ್ಲಿ ಹೆಚ್ಚಿನವು ಬೆಳಕಿಗೆ ಬರುವುದೇ ಇಲ್ಲ. ಆಕೆಗೆ ಕಾಣುವುದು ಪರದೆಯ ತುಂಬ ಗುಂಡಿಗಳು, ಪಟ್ಟಿಗಳು, ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಮಗು ಮೊದಲ ದಿನಗಳನ್ನು ಆ ಪದಗಳ ಅರ್ಥ ಹುಡುಕುವುದರಲ್ಲಿಯೇ ಕಳೆಯಿತು. “ಅದು ಕೆಂಪು ಗೆರಿ ಎಳೀತಿತ್ರಿ ಅಜ್ಜಾರ, ನಾ ತಪ್ಪು ಮಾಡೀನೋ, ಅದರ ಸೆಟ್ಟಿಂಗ್ ತಪ್ಪೈತೋ ತಿಳೀತಿದ್ದಿಲ್ಲ” ಎಂದಳು. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನಮ್ಮಿಂದಾಗದು.

ನಮ್ಮದೇ ಒಂದು ಮಾತು. ಬಾಲ್ಯದಲ್ಲಿ ಮಠದ ಪಾಠಶಾಲೆಗೆ ಸೇರಿದಾಗ ಮೊದಲ ವರ್ಷವೆಲ್ಲ ಶಬ್ದರೂಪ, ಧಾತುರೂಪ, ಅಮರಕೋಶದ ಬಾಯಿಪಾಠ. ಅರ್ಥದ ಮಾತೇ ಇಲ್ಲ. ಮೂವತ್ತನೆಯ ದಿನ ಯಾರಾದರೂ ಬಂದು, “ಈ ವಿದ್ಯೆ ನಿನಗೆ ಬೇಕೋ ಬೇಡವೋ ಇಂದೇ ಹೇಳು” ಎಂದಿದ್ದರೆ ಬೇಡವೆಂದು ಹೇಳಿ ಅಂದಿನ ಬಸ್ಸಿಗೇ ಊರಿಗೆ ಓಡುತ್ತಿದ್ದೆವು. ಓಡುವ ಮನಸ್ಸು ನಮಗೆ ಎರಡು ಬಾರಿ ಬಂದಿತ್ತು ಎಂಬುದನ್ನು ಇಂದು ಒಪ್ಪಿಕೊಂಡರೆ ದೋಷವಿಲ್ಲ. ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಜಿಜ್ಞಾಸುಗಳು ಪಿಪ್ಪಲಾದ ಋಷಿಯ ಬಳಿಗೆ ಬಂದಾಗ ಆತನು ಒಡನೆ ಉತ್ತರ ಹೇಳುವುದಿಲ್ಲ. ಇನ್ನೊಂದು ವರ್ಷ ಇಲ್ಲಿದ್ದು ಆಮೇಲೆ ಬೇಕಾದುದನ್ನು ಕೇಳಿ ಎನ್ನುತ್ತಾನೆ. ಏನನ್ನು ಕೇಳಬೇಕೆಂಬುದು ತಿಳಿಯಲಿಕ್ಕೇ ಒಂದು ವರ್ಷ.

ಈ ಪದ್ಧತಿ ಎಲ್ಲಿಂದ ಬಂದಿತೆಂದು ತಿಳಿದರೆ ಸೋಜಿಗವಾಗುತ್ತದೆ. 1982ರಲ್ಲಿ ಅಮೆರಿಕದಲ್ಲಿ ಆಂಡ್ರ್ಯೂ ಫ್ಲೂಗೆಲ್ಮನ್ ಎಂಬವರು ಪಿಸಿ-ಟಾಕ್ ಎಂಬ ತಂತ್ರಾಂಶವನ್ನೂ, ಜಿಮ್ ನಾಫ್ ಎಂಬವರು ಪಿಸಿ-ಫೈಲ್ ಎಂಬುದನ್ನೂ ಬರೆದು ಜನರಿಗೆ ಹಂಚಿದರು. ಬಳಸಿ ನೋಡಿ, ಇತರರಿಗೂ ಕೊಡಿ, ನಿಮಗೆ ಉಪಯೋಗವೆನಿಸಿದರೆ ಹಣ ಕಳುಹಿಸಿ ಎಂಬುದು ಅವರ ಕೋರಿಕೆ. ಮರುವರ್ಷ ಬಾಬ್ ವ್ಯಾಲೇಸ್ ಎಂಬವರು ಪಿಸಿ-ರೈಟ್ ಎಂಬುದನ್ನು ಹೀಗೆಯೇ ಹಂಚಿದರು. ಈ ರೀತಿಗೆ ಶೇರ್‌ವೇರ್ ಎಂಬ ಹೆಸರು ನಿಂತಿತು. ಅಲ್ಲಿ ಗಡುವೂ ಇರಲಿಲ್ಲ, ಬೀಗವೂ ಇರಲಿಲ್ಲ. ದಾಸೋಹದ ಮನೆಯಲ್ಲಿ ಉಂಡವನು ಎದ್ದು ಹೋಗುವಾಗ ಶಕ್ತ್ಯಾನುಸಾರ ಕಾಣಿಕೆ ಇಟ್ಟು ಹೋಗುವಂತೆ ಎಲ್ಲವೂ ಬಳಸುವವನ ಮನಸ್ಸಾಕ್ಷಿಗೆ ಬಿಟ್ಟದ್ದು. ಉಂಡು ಹಾಗೆಯೇ ಎದ್ದು ಹೋದವರೂ ಇದ್ದಾರೆಂಬುದು ಊಹಿಸಬಹುದಾದ ಸಂಗತಿ. ಬೀಗ ಬಂದದ್ದು ಆಮೇಲೆ.

ಇಂದು ಪದ್ಧತಿಗಳು ಬಗೆಬಗೆಯಾಗಿವೆ. ಕಡತಗಳನ್ನು ಕುಗ್ಗಿಸುವ ವಿನ್‌ರಾರ್ 40 ದಿನವೆಂದು ಹೇಳುತ್ತದೆ, ಆದರೆ ನಾಲ್ವತ್ತು ಕಳೆದರೂ ನಿಲ್ಲುವುದಿಲ್ಲ, ನೆನಪಿಸುತ್ತಿರುತ್ತದೆ. ಸಬ್ಲೈಮ್ ಟೆಕ್ಸ್ಟ್ ಎಂಬ ಬರವಣಿಗೆಯ ಉಪಕರಣಕ್ಕೆ ದಿನಗಳ ಕಟ್ಟೇ ಇಲ್ಲ. ಮುಂದೆಯೂ ಬಳಸುವುದಾದರೆ ಕೊಳ್ಳಬೇಕು ಎಂಬುದು ಕರಾರು. ಮೈಕ್ರೋಸಾಫ್ಟಿನವರ ವಿಷುವಲ್ ಸ್ಟುಡಿಯೋದ ಹಣದ ಆವೃತ್ತಿಗೆ 30 ದಿನ. ಹೆಸರು ನೋಂದಾಯಿಸಿದರೆ 90ರವರೆಗೆ ಹಿಗ್ಗುತ್ತದೆ. ಚಿತ್ರ, ಅಚ್ಚಿನ ಕೆಲಸಗಳಿಗೆ ಹೆಸರಾದ ಅಡೋಬಿ ಸಂಸ್ಥೆ ಹಿಂದೆ 30 ದಿನ ಕೊಡುತ್ತಿತ್ತು. ಅದು 7ಕ್ಕೆ ಇಳಿಯಿತು. 2000ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಜೆಟ್‌ಬ್ರೈನ್ಸ್ ಸಂಸ್ಥೆಯವರು ತಮ್ಮ ಉಪಕರಣಗಳಿಗೆ 30 ದಿನ ಕೊಡುತ್ತಾ ಬಂದವರು. ಆದರೆ 2024ರ ಅಕ್ಟೋಬರಿನಲ್ಲಿ ವೆಬ್‌ಸ್ಟಾರ್ಮ್, ರೈಡರ್ ಎಂಬೆರಡನ್ನು ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತ ಮಾಡಿದರು. 2025ರಲ್ಲಿ ಅವರ ಪೈಚಾರ್ಮ್‌ನ ಉಚಿತ, ಹಣದ ಆವೃತ್ತಿಗಳೆರಡೂ ಒಂದಾದವು. ಮೊದಲ ತಿಂಗಳು ಎಲ್ಲ ಸೌಲಭ್ಯ. ಅನಂತರ ಹಣ ಕಟ್ಟದಿದ್ದರೆ ಹೆಚ್ಚಿನ ಸೌಲಭ್ಯಗಳು ಮಾತ್ರ ಹಿಂದೆ ಸರಿಯುತ್ತವೆ, ಮೂಲ ಕೆಲಸ ನಿಲ್ಲುವುದಿಲ್ಲ. ಕಲಿಯುವವರ ದೃಷ್ಟಿಯಿಂದ ಇದು ಸರಿಯಾದ ದಾರಿಯೆಂದು ನಮ್ಮ ಅಭಿಪ್ರಾಯ. ಅತಿಥಿಯನ್ನು ಒಳಮನೆಯಿಂದ ಪಡಸಾಲೆಗೆ ಕಳುಹಿಸಿದರೆ ಅವನು ಬೇಸರಪಡನು. ಬೀದಿಗೇ ತಳ್ಳಿದರೆ ಮರಳಿ ಬಾರನು.

ಬೀದಿಗೆ ತಳ್ಳಿಸಿಕೊಂಡ ಅನುಭವ ನಮಗೂ ಉಂಟು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಮಠವೊಂದರ ಗ್ರಂಥಭಂಡಾರದಲ್ಲಿದ್ದ ತಾಳೆಯೋಲೆಯ ಪ್ರತಿಯೊಂದನ್ನು ನಾವು ಓದಿ ಹೇಳುತ್ತಿದ್ದೆವು, ಒಬ್ಬ ತರುಣ ಭಕ್ತ ಗಣಕಯಂತ್ರದಲ್ಲಿ ಕೂಡಿಸುತ್ತಿದ್ದ. ಅವನು ಹಾಕಿಕೊಂಡಿದ್ದ ಕನ್ನಡ ಅಚ್ಚುಜೋಡಣೆಯ ತಂತ್ರಾಂಶ ಪ್ರಯೋಗಾವಧಿಯದು ಎಂಬುದು ನಮಗೆ ತಿಳಿಯದು, ಅವನಿಗೂ ಅದರ ಪರಿಣಾಮ ತಿಳಿಯದು. ಒಂದು ಬೆಳಿಗ್ಗೆ ಕಡತಗಳು ತೆರೆಯಲಿಲ್ಲ. ಅಕ್ಷರಗಳು ಒಳಗಿವೆ, ಬಾಗಿಲಿಗೆ ಬೀಗ. ಬೇರೆ ತಂತ್ರಾಂಶದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಸವೆದುಹೋದ ಓಲೆಯ ಅಂಚಿನ ಅಕ್ಷರಗಳನ್ನು ಮಸಿ ತೇಯ್ದು ತೇಯ್ದು ಓದಿದ ಶ್ರಮ ಅದು. ಕೊನೆಗೆ ಭಕ್ತರೊಬ್ಬರು ಹಣ ಕಟ್ಟಿ ಬಿಡಿಸಿಕೊಟ್ಟರು. ತಯಾರಕರ ಮೇಲೆ ನಮಗೆ ದ್ವೇಷವಿಲ್ಲ. ಕರಾರನ್ನು ಓದದ ತಪ್ಪು ನಮ್ಮದೂ ಇತ್ತು. ಆದರೆ ನಮ್ಮ ದುಡಿಮೆಯೇ ಒತ್ತೆಯಾದದ್ದು ಮನಸ್ಸಿಗೆ ಹಿಡಿಸಲಿಲ್ಲ.

ಆದುದರಿಂದ ಆ ಹುಡುಗಿಗೆ ನಾವು ಮೊದಲು ಕೇಳಿದ್ದು, ನೀನು ಬರೆದದ್ದೆಲ್ಲ ಈಗ ಎಲ್ಲಿದೆ ಎಂದು. ಇಲ್ಲಿ ಪ್ರೋಗ್ರಾಂ ಬರೆಯುವವರ ಅದೃಷ್ಟ ದೊಡ್ಡದು. ಪ್ರೋಗ್ರಾಮಿನ ಮೂಲಪಾಠವು ಬರಿಯ ಅಕ್ಷರಗಳ ಕಡತ. ಯಾವ ಸಾಮಾನ್ಯ ಉಪಕರಣದಲ್ಲಾದರೂ ತೆರೆಯುತ್ತದೆ. ಆಕೆಯ ಅಣ್ಣನ ಎದುರಿಗೇ ತೆಗೆದು ನೋಡಿದೆವು. ಒಂಬತ್ತು ದಿನದ ಕೆಲಸ ಒಂದಕ್ಷರ ಕೆಡದೆ ಅಲ್ಲಿತ್ತು. ಆಗ ಮೊದಲ ಬಾರಿಗೆ ಮಗುವಿನ ಮುಖ ತಿಳಿಯಾಯಿತು.

ಅಣ್ಣನ ಬಳಿ ಇನ್ನೊಂದು ಉಪಾಯವಿತ್ತು. “ಅಜ್ಜಾರ, ರೊಕ್ಕ ಯಾಕ ಬೇಕ್ರಿ? ಹೊಸಾ ಮೇಲ್ ಐಡಿ ಮಾಡಿದ್ರ ಮತ್ತ ಮೂವತ್ತು ದಿನ ಬರ್ತಾವ. ಬೀಗ ಮುರಿದ ಕಾಪಿನೂ ಸಿಗ್ತೈತಿ. ಎಲ್ಲಾರೂ ಅದನ್ನ ಮಾಡ್ತಾರ.” ತಂದೆಯವರು ನಮ್ಮ ಮುಖ ನೋಡಿದರು. “ಇದು ಕಳವೇನ್ರಿ ಅಜ್ಜಾರ?” ಎಂದು ಮೆಲ್ಲಗೆ ಕೇಳಿದರು.

ಈ ಪ್ರಶ್ನೆಯನ್ನು ಗುರುಗುಂಟಾದ ನೆಲದಲ್ಲಿ ಕೇಳಿಸಿಕೊಳ್ಳಬೇಕಾಯಿತಲ್ಲ ಎಂದು ನಮಗೆ ಮೈ ಜುಮ್ಮೆಂದಿತು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಇದೇ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆಂಬುದು ಪರಂಪರೆಯ ಮಾತು. ಅವರ ವಚನಗಳ ಅಂಕಿತದಲ್ಲಿ ಇಂದಿಗೂ ಅಮರೇಶ್ವರಲಿಂಗನ ಹೆಸರಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹ ನಡೆಯಿಸುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಲೆಯ ಮೇಲಿಡಲಿಲ್ಲ. ಇದು ನಮ್ಮ ನಿತ್ಯದ ಅಳತೆಗಿಂತ ಹೆಚ್ಚಾಯಿತು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಯಾರೂ ಕಾವಲಿರಲಿಲ್ಲ, ಯಾರೂ ಕೇಳುವವರಿರಲಿಲ್ಲ. ನೆಲಕ್ಕೆ ಬಿದ್ದ ಅಕ್ಕಿ. ಆದರೂ ಅಳತೆ ಮೀರಿತೆಂದಳು.

ತಂತ್ರಾಂಶವೂ ಒಬ್ಬರ ಕಾಯಕದ ಫಲ. ಅದನ್ನು ಬರೆದವನಿಗೂ ಮನೆಯಿದೆ, ಒಲೆಯಿದೆ. ಅವನು ಮೂವತ್ತು ದಿನವೆಂದು ಅಳೆದು ಕೊಟ್ಟಾಗ ಆ ಅಳತೆ ನಮಗೆ ಸಾಲದೆಂದು ದೂರಬಹುದು, ಹೆಚ್ಚು ಕೊಡಿರೆಂದು ಪತ್ರ ಬರೆದು ಕೇಳಬಹುದು. ಹಾಗೆ ಕೇಳಿದಾಗ ಅವಧಿ ಮುಂದುವರಿಸಿಕೊಡುವ ತಯಾರಕರೂ ಉಂಟು. ಹೆಸರು ಬದಲಿಸಿ ಮತ್ತೆ ಸಾಲಿನಲ್ಲಿ ನಿಲ್ಲುವುದು ಮಾತ್ರ ಅಂಗಳದಲ್ಲಿ ಹೆಚ್ಚಿನ ಅಕ್ಕಿ ಆಯ್ದಂತೆಯೇ. ಬೀಗ ಮುರಿದ ಪ್ರತಿಯಂತೂ ಉಗ್ರಾಣಕ್ಕೇ ಕನ್ನ; ಅದರೊಡನೆ ಯಂತ್ರವನ್ನು ಕೆಡಿಸುವ ದುಷ್ಟ ತಂತ್ರಾಂಶಗಳೂ ಒಳನುಗ್ಗುತ್ತವೆ ಎಂಬುದನ್ನು ಆ ತರುಣನಿಗೆ ಹೇಳಿದೆವು. ಅವನು ಧರ್ಮಕ್ಕಿಂತ ಈ ಎರಡನೆಯ ಮಾತಿಗೆ ಹೆಚ್ಚು ಹೆದರಿದಂತೆ ಕಂಡಿತು. ಇರಲಿ.

ಆದರೆ ಮಾರಯ್ಯನ ಕಥೆಯಲ್ಲಿ ಇನ್ನೊಂದು ಪದರವಿದೆ. ನಾವು ಅದನ್ನು ತಂದೆಯವರಿಗೆ ಹೇಳಿದೆವು. ಕದ್ದರೆ ಮಾತ್ರವಲ್ಲ, ಕೊಂಡರೂ ಅಕ್ಕಿ ಹೆಚ್ಚಾಗಬಹುದು. ಐವತ್ತು ಸಾಲು ಬರೆಯುವವಳಿಗೆ ಐವತ್ತು ಸಾವಿರ ಸಾಲು ಬರೆಯುವವರ ಉಪಕರಣ ಏಕೆ? ತೊಗರಿ ಮಾರಿ ಅದನ್ನು ಕೊಳ್ಳುವ ಅಗತ್ಯವೇ ಇಲ್ಲ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು 1983ರಲ್ಲಿ ಗ್ನು ಎಂಬ ಯೋಜನೆಯನ್ನು ಸಾರಿ, ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶಗಳ ಕೆಲಸಕ್ಕೆ ತೊಡಗಿದರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರ ಲಿನಕ್ಸ್ ಬಂದಿತು. ಅದೇ ವರ್ಷ ಗೀಡೋ ವಾನ್ ರಾಸಮ್ ಅವರ ಪೈಥಾನ್ ಭಾಷೆ ಹೊರಬಂದಿತು. ಇಂದು ಪೈಥಾನ್ ಅನ್ನು ಇಳಿಸಿಕೊಂಡರೆ ಅದರೊಡನೆಯೇ ಬರೆಯುವ, ನಡೆಯಿಸುವ ಚಿಕ್ಕ ಉಪಕರಣವೂ ಬರುತ್ತದೆ. ಗಡುವಿಲ್ಲ. 2015ರಲ್ಲಿ ಮೈಕ್ರೋಸಾಫ್ಟಿನವರು ಹೊರತಂದ ವಿಷುವಲ್ ಸ್ಟುಡಿಯೋ ಕೋಡ್ ಕೂಡ ಉಚಿತ. ನಮ್ಮ ನಾಡಿನಲ್ಲಿಯೇ 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿ ದೊರೆತುದರಿಂದಲ್ಲವೇ ಎಷ್ಟೋ ಹಳ್ಳಿಗಳ ಮಕ್ಕಳು ಗಣಕಯಂತ್ರದಲ್ಲಿ ಕನ್ನಡ ಬರೆದದ್ದು? ಅವರಿಗೆ ಯಾರೂ ಮೂವತ್ತು ದಿನದಲ್ಲಿ ಕಲಿತು ಮುಗಿಸಿರೆಂದು ಹೇಳಿರಲಿಲ್ಲ.

ವಿದ್ಯಾರ್ಥಿಗಳಿಗೆ ಬೆಲೆಯುಳ್ಳ ತಂತ್ರಾಂಶಗಳನ್ನು ಉಚಿತವಾಗಿ ಕೊಡುವ ಸಂಸ್ಥೆಗಳೂ ಇವೆ. ಮೇಲೆ ಹೇಳಿದ ಜೆಟ್‌ಬ್ರೈನ್ಸ್ ಕೊಡುತ್ತದೆ. ಗಿಟ್‌ಹಬ್ ಎಂಬ ಸಂಸ್ಥೆ 2014ರಿಂದ ವಿದ್ಯಾರ್ಥಿಗಳಿಗಾಗಿ ಹಲವು ಉಪಕರಣಗಳ ಗಂಟನ್ನೇ ಕೊಡುತ್ತಿದೆ. ಅದಕ್ಕೆ ವಿದ್ಯಾರ್ಥಿಯೆಂಬ ಪುರಾವೆ ಬೇಕು. ದೊಡ್ಡ ಕಾಲೇಜುಗಳು ಮಕ್ಕಳಿಗೆ ಕಾಲೇಜಿನ ಹೆಸರಿನದೇ ಮಿಂಚಂಚೆಯ ವಿಳಾಸ ಕೊಟ್ಟಿರುತ್ತವೆ, ಕೆಲಸ ಕ್ಷಣದಲ್ಲಿ ಆಗುತ್ತದೆ. ಚಿಕ್ಕ ಊರಿನ ಕಾಲೇಜಿನ ಮಗು ಗುರುತಿನ ಚೀಟಿಯ ಚಿತ್ರ ತೆಗೆದು ಕಳುಹಿಸಿ ಕಾಯಬೇಕು. ಹೆಚ್ಚಿನ ಮಕ್ಕಳಿಗೆ ಇಂಥದೊಂದು ಇದೆಯೆಂಬುದೇ ಗೊತ್ತಿಲ್ಲ. ಈ ಹುಡುಗಿಗೂ ಗೊತ್ತಿರಲಿಲ್ಲ. ನಮ್ಮ ಮಠಗಳು, ಸಮಾಜದ ವಿದ್ಯಾಸಂಸ್ಥೆಗಳು ನಡೆಸುವ ಕಾಲೇಜುಗಳ ಪ್ರಾಚಾರ್ಯರು ಈ ಒಂದು ಮಾತನ್ನು ಗಮನಿಸಬೇಕೆಂದು ಪ್ರಾರ್ಥಿಸುತ್ತೇವೆ. ಕಟ್ಟಡಕ್ಕೆ ಇನ್ನೊಂದು ಮಹಡಿ ಏರಿಸುವುದಕ್ಕಿಂತ ಕಡಿಮೆ ಖರ್ಚಿನ ಕೆಲಸವಿದು.

ಮನೆಯ ಹಿರಿಯರಿಗೆ ಇನ್ನೊಂದು ಎಚ್ಚರಿಕೆ. ಕೆಲವು ತಂತ್ರಾಂಶಗಳು, ಸೇವೆಗಳು ಪುಕ್ಕಟೆಯ ದಿನಗಳನ್ನು ಕೊಡುವ ಮೊದಲೇ ಬ್ಯಾಂಕಿನ ಕಾರ್ಡಿನ ಸಂಖ್ಯೆ ಕೇಳುತ್ತವೆ. ಅವಧಿ ಮುಗಿದ ದಿನ ಹಣ ತಾನಾಗಿಯೇ ಹೋಗುತ್ತದೆ. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಬಿಗಿಯಾದ ಮೇಲೆ, ಹೀಗೆ ಕಂತಿನಲ್ಲಿ ತಾನಾಗಿ ಕಡಿತವಾಗುವ ಹಣಕ್ಕೆ ಮೊದಲೇ ಒಪ್ಪಿಗೆ ಬೇಕು, ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಬರಬೇಕು. ಆ ಸೂಚನೆ ಬರುವುದು ಮೊಬೈಲಿಗೆ; ಇಂಗ್ಲಿಷಿನಲ್ಲಿ; ನಾವು ಅದನ್ನು ಓದದೆ ಅಳಿಸುತ್ತೇವೆ. ಸೇರುವುದನ್ನು ಸುಲಭ ಮಾಡಿ ಬಿಡುವುದನ್ನು ಕಠಿಣ ಮಾಡುವ ಇಂಥ ಚಂದಾ ಬಲೆಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ಬಗೆಯ ವಂಚಕ ರೀತಿಗಳಲ್ಲಿ ಒಂದೆಂದು ಸೇರಿಸಿದೆ. ಮಕ್ಕಳು ಕಾರ್ಡು ಕೇಳಿದರೆ ಬಯ್ಯಬೇಡಿ. ಕೊಡುವ ಮುನ್ನ ಕಡೆಯ ದಿನ ಯಾವುದೆಂದು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಅದಕ್ಕೆ ಮೂರು ದಿನ ಮೊದಲು ಗುರುತು ಹಾಕಿ.

ಗಡುವಿನ ಪರವಾಗಿಯೂ ಒಂದು ಮಾತು ಇದೆ, ಅದನ್ನು ಮುಚ್ಚಿಡಬಾರದು. ಗಡುವೇ ಇಲ್ಲದಿದ್ದರೆ ಮನುಷ್ಯ ಮುಂದೂಡುತ್ತಾನೆ. ಉಚಿತವಾದ ಉಪಕರಣವನ್ನು ಇಳಿಸಿಕೊಂಡು ವರ್ಷವಾದರೂ ತೆರೆಯದ ಮಕ್ಕಳನ್ನು ನಾವು ಬಲ್ಲೆವು. ಹುಡುಗಿಯೇ ಒಪ್ಪಿಕೊಂಡಳು: “ದಿನಾ ಕಡಿಮಿ ಆಗ್ತಾವ ಅಂತ ಒಂಬತ್ತು ದಿನ ಆದರೂ ಕುಂತ್ನಿ ಅಜ್ಜಾರ.” ಆ ಕೊನೆಯ ದಿನಗಳ ಅವಸರದಲ್ಲಿ ಆಕೆ ಕಲಿತದ್ದು ಸೊನ್ನೆಯಲ್ಲ. ಆದ್ದರಿಂದ ತಯಾರಕನ ಗಡುವನ್ನು ಬಿಟ್ಟು ನಮ್ಮದೇ ಒಂದು ನೇಮವನ್ನು ಕಟ್ಟಿಕೊಳ್ಳಬೇಕು ಎಂದೆವು. ಲಿಂಗಪೂಜೆಗೆ ಹೊತ್ತು ಗೊತ್ತುಮಾಡಿಕೊಂಡ ಮನೆಗೆ ಇದು ಹೊಸದಲ್ಲ.

ಹೊರಡುವ ಮುನ್ನ ಆ ಮನೆಯಲ್ಲಿ ತೀರ್ಮಾನವಾದದ್ದು ಇಷ್ಟು. ಹಣ ಕಟ್ಟುವುದಿಲ್ಲ. ಬೀಗ ಮುರಿಯುವುದಿಲ್ಲ. ಕಾಲೇಜು ಬಿಡಿಸುವುದಿಲ್ಲ. ಉಚಿತ ಉಪಕರಣದಲ್ಲಿ ದಿನವೂ ಸಂಜೆಯ ಪೂಜೆಯ ಅನಂತರ ಒಂದು ಗಂಟೆ ಕುಳಿತುಕೊಳ್ಳುವುದು. ಆ ಹೊತ್ತಿಗೆ ಅಣ್ಣ ಮೊಬೈಲು ಮನೆಯಲ್ಲಿ ಬಿಡುವುದು. ಕಾಲೇಜಿನ ಗುರುಗಳನ್ನು ಕಂಡು ವಿದ್ಯಾರ್ಥಿಗಳ ಪರವಾನಗಿಗೆ ಅರ್ಜಿ ಹಾಕುವುದು. ಮನೆಗೆ ಬೇಕಾದ ಯಾವುದಾದರೂ ಒಂದು ಪ್ರೋಗ್ರಾಮನ್ನು ಪೂರ್ತಿ ಬರೆದು ಮುಗಿಸುವುದು. ಬರೆಯುವಾಗ ಈ ಉಪಕರಣದಿಂದ ಯಾವ ಕೆಲಸ ಆಗಲಿಲ್ಲವೆಂದು ವಹಿಯಲ್ಲಿ ಗುರುತು ಹಾಕುವುದು. ಆ ಪಟ್ಟಿ ಬೆಳೆದ ಮೇಲೆ, ಬೇಕೆನಿಸಿದರೆ, ಹಣದ ತಂತ್ರಾಂಶದ ಪ್ರಯೋಗಾವಧಿಯನ್ನು ಆರಂಭಿಸುವುದು. ಆಗ ಏನನ್ನು ಪರೀಕ್ಷಿಸಬೇಕೆಂಬುದು ಕೈಯಲ್ಲಿಯೇ ಇರುತ್ತದೆ. ಮೂವತ್ತು ದಿನ ಬೇಕಾಗಲಿಕ್ಕಿಲ್ಲ. ಮೂರು ದಿನ ಸಾಕಾದೀತು.

ಚಿಕ್ಕಪ್ಪನವರು ಒಂದು ಷರತ್ತು ಹಾಕಿದರು: ಮೊದಲ ಪ್ರೋಗ್ರಾಂ ತೊಗರಿಯ ಲೆಕ್ಕದ್ದೇ ಆಗಬೇಕು. ಚೀಲವೆಷ್ಟು, ತೂಕವೆಷ್ಟು, ಹಮಾಲಿ ಎಷ್ಟು, ಕೈಗೆ ಬಂದದ್ದೆಷ್ಟು.

ಮೊನ್ನೆ ಅವಳು ದೂರವಾಣಿಯಲ್ಲಿ ಮಾತನಾಡಿದಳು. ಪ್ರೋಗ್ರಾಂ ನೂರಾ ಎಪ್ಪತ್ತು ಸಾಲಿಗೆ ಬೆಳೆದಿದೆಯಂತೆ. ಪ್ರತಿಸಲವೂ ಲೆಕ್ಕ ಚಿಕ್ಕಪ್ಪನ ಚೀಟಿಗಿಂತ ಸ್ವಲ್ಪ ಕಡಿಮೆ ಬರುತ್ತಿತ್ತಂತೆ. ಅವರು ಗೇಲಿ ಮಾಡಿದರಂತೆ. ಎರಡು ಸಂಜೆ ಹುಡುಕಿದ ಮೇಲೆ ಹಮಾಲಿಯನ್ನು ಎರಡು ಕಡೆ ಕಳೆದಿದ್ದಳೆಂದು ಗೊತ್ತಾಯಿತು. ತಿದ್ದಿದಳು. ತಿದ್ದಿದ ಮೇಲೂ ನಾಲ್ಕು ರೂಪಾಯಿ ತಾಳೆಯಾಗಲಿಲ್ಲ. ಈ ಸಲದ ತಪ್ಪು ಚಿಕ್ಕಪ್ಪನ ಚೀಟಿಯಲ್ಲಿತ್ತು.